ಆಯಾಸ ಹೊರುವವಳ ಐದನೇ ಸಂಪುಟ

ಜೂನ್ 3

ಸೂಜಿಗೆ ಅಕ್ಕನ ಆಶೀರ್ವಾದ.

ನಾವು ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಆ ಸಾಲು ಬಿಟ್ಟು ಮುಂದೆ ಹೋಗುತ್ತೇನೆ.

ಇವರಿಗೆ ಪಾರ್ಶ್ವವಾಯು ಬಡಿದು ಇವತ್ತಿಗೆ ಐದು ತಿಂಗಳು. ಬಲಗೈ, ಬಲಗಾಲು ಎರಡೂ ಸುಮ್ಮನಿವೆ. ಮಾತು ಪೂರಾ ನಿಂತಿದೆ. ಮೂವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ನಿನ್ನ ಭಾವ ಈಗ ಈ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿ, ನಮ್ಮ ಕಟ್ಟಡದ ಲಿಫ್ಟು ಮೇಲೆ ಬರುವ ಸದ್ದು ಕೇಳಿ ಹುಬ್ಬು ಗಂಟಿಕ್ಕುತ್ತಾರೆ. ಅದರಲ್ಲಿ ಏನೋ ಕೆಟ್ಟಿದೆ ಎಂದು ಅವರಿಗೆ ಗೊತ್ತು. ಹೇಳಲು ಆಗುವುದಿಲ್ಲ, ಅದಕ್ಕೇ ಸಿಟ್ಟು. ಆ ಸಿಟ್ಟಿನಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸಲು ಬರುವ ಹುಡುಗಿಯ ಕಡೆಗೆ ಮುಖವನ್ನೇ ತಿರುಗಿಸುವುದಿಲ್ಲ.

ಡಾಕ್ಟರು ಹೇಳುತ್ತಾರೆ, "ಮಾತಾಡ್ತಾ ಇರಿ ಅಮ್ಮ. ಕಿವಿ ಸರಿಯಾಗಿದೆ, ತಿಳುವಳಿಕೆ ಸರಿಯಾಗಿದೆ. ಕೇಳ್ತಾ ಕೇಳ್ತಾನೇ ಮಾತು ವಾಪಸ್ ಬರೋದು" ಎಂದು. ಅವರಿಗೇನು, ಹೇಳಿ ಹೋಗುತ್ತಾರೆ. ಮೂವತ್ತೇಳು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಹತ್ತಿರ ದಿನವಿಡೀ ಆಡಲು ಯಾವ ಮಾತು ಉಳಿದಿರುತ್ತದೆ? ಪೇಪರು ಓದಿದೆ, ರೇಗಿದರು. ರೇಡಿಯೋ ಹಾಕಿದೆ, ಕಣ್ಣು ಮುಚ್ಚಿಕೊಂಡರು.

ಫೋನು ಮಾಡದೆ ಯಾಕೆ ಬರೆಯುತ್ತಿದ್ದೇನೆ ಎಂದರೆ ಇರುವುದು ಒಂದೇ ಕೋಣೆ. ನಾನು ಫೋನಿನಲ್ಲಿ ಏನು ಗೋಳು ಹೇಳಿಕೊಂಡರೂ ಅವರ ಕಿವಿಗೆ ಬೀಳುತ್ತದೆ. ಈ ಮಾತು ಅವರು ಕೇಳಬಾರದು: ಮಗಳು ಡಿಸೆಂಬರ್ ಕೊನೆಗೆ ಬರುತ್ತಾಳೆ. ಅಷ್ಟರಲ್ಲಿ ಸುಧಾರಿಸದಿದ್ದರೆ ಆರೈಕೆ ಮನೆಗೆ ಸೇರಿಸೋಣ ಎನ್ನುತ್ತಾಳೆ. ನಾನು "ನಾನಿರೋವರೆಗೂ ಆಗಲ್ಲ" ಎಂದು ಫೋನಿಟ್ಟೆ. ಇಟ್ಟ ಮೇಲೆ, ಸೂಜಿ, ಹೌದು ಎನ್ನಬಾರದಿತ್ತೆ ಎನಿಸಿತು. ನಾಚಿಕೆಯಾಯಿತು. ಸೊಂಟ ಬಿದ್ದುಹೋಗಿದೆ ನನ್ನದು.

ಇಪ್ಪತ್ತೆರಡು ವರ್ಷ ಪ್ರೆಸ್ಸಿನಲ್ಲಿ, ನೀನು ಪ್ರೂಫು ತಿದ್ದಲೆಂದು, ನಿನ್ನ ಎದುರು ಕೂತು ಮೂಲಪ್ರತಿಯನ್ನು ವಿರಾಮಚಿಹ್ನೆ ಸಮೇತ ಗಟ್ಟಿಯಾಗಿ ಓದಿದ ಗಂಟಲು ಇದು. ಓದುವುದೊಂದು ಗೊತ್ತು. ಏನಾದರೂ ಕಳಿಸು. ಉದ್ದವಾಗಿರಲಿ. ಉಪದೇಶ ಮಾತ್ರ ಬೇಡ.

ಅಕ್ಕ

•

ಜೂನ್ 14

ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಪ್ರೂಫಿನ ಮುಂದೆ ಸುಮ್ಮನೆ ಕೂತುಬಿಟ್ಟೆ. ಮೇನೇಜರು ಬಂದು, "ಏನ್ರೀ ಸೂಜಿಕಣ್ಣಿ, ಕಣ್ಣು ತೆರೆದೇ ನಿದ್ದೆನಾ?" ಎಂದರು.

ಒಂದು ಪುಸ್ತಕ ಹೇಳುತ್ತೇನೆ, ಮೊದಲೇ ಮೂಗು ಮುರಿಯಬೇಡಿ. ಮಂತ್ರದ ಕತೆ. ಒಂದಲ್ಲ, ಸಾಲಾಗಿ ನಾಲ್ಕು ಸಂಪುಟ, ಒಟ್ಟು ಎರಡು ಸಾವಿರ ಪುಟದ ಮೇಲೆ. ನೀವು ನಿವೃತ್ತಿಯಾದ ಮೇಲೆ ನಮ್ಮಲ್ಲೇ ಅಚ್ಚಾದದ್ದು. "ಆಯಾಸ ಹೊರುವವಳು" ಎಂದು ಹೆಸರು. ಬರೆದವರು ಒಬ್ಬ ಮೇಡಂ, ಗಣಿತ ಪಾಠ ಹೇಳುತ್ತಿದ್ದರಂತೆ, ಅದಕ್ಕೇ ಮಂತ್ರದಲ್ಲೂ ಲೆಕ್ಕ ತಪ್ಪುವುದಿಲ್ಲ.

ಮಕ್ಕಳ ಪುಸ್ತಕವಲ್ಲ ಅಕ್ಕ. ಹಾರುವ ಕುದುರೆ ಇಲ್ಲ, ಲೋಕ ಉಳಿಸುವ ರಾಜಕುಮಾರ ಇಲ್ಲ. ಆ ಪಟ್ಟಣದಲ್ಲಿ ಮಂತ್ರ ಹಾಕಿದರೆ ಕೆಲಸ ಆಗುತ್ತದೆ, ಆದರೆ ಆ ಕೆಲಸದ ಸುಸ್ತು ಯಾರಾದರೂ ಅನುಭವಿಸಲೇಬೇಕು. ಮುರಿದ ಸೇತುವೆಯನ್ನು ಒಂದು ಮಾತಿನಲ್ಲಿ ಕೂಡಿಸಿದರೆ ನೂರು ಕೂಲಿಗಳ ತಿಂಗಳ ದಣಿವು ಒಬ್ಬನ ಮೈಗೆ ಬರುತ್ತದೆ. ದೊಡ್ಡ ಮಂತ್ರವಾದಿಗಳು ಅದಕ್ಕೆಂದೇ ಆಳು ಇಟ್ಟುಕೊಂಡಿರುತ್ತಾರೆ. ಅಂಗೈ ಮೇಲೆ ಅಂಗೈ ಇಟ್ಟರೆ ದಣಿವು ಆಳಿಗೆ ದಾಟುತ್ತದೆ. ನಾಯಕಿಗೆ ಐವತ್ತಮೂರು ವರ್ಷ, ಮಂಡಿನೋವು. ಒಬ್ಬ ಮುದಿ ಮಂತ್ರವಾದಿಯ ಸುಸ್ತನ್ನು ಮೂವತ್ತು ವರ್ಷದಿಂದ ಹೊರುತ್ತಿದ್ದಾಳೆ. ಇಬ್ಬರೂ ದಿನವಿಡೀ ಜಗಳ ಆಡುತ್ತಾರೆ. ಪ್ರೂಫು ನೋಡುವಾಗ ನಾನು ಎರಡು ಸಲ ತಪ್ಪು ಹುಡುಕುವುದನ್ನೇ ಮರೆತೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅದು ಆಗಿದ್ದು ಅದೊಂದೇ ಪುಸ್ತಕಕ್ಕೆ.

ಮೊದಲ ಸಂಪುಟ ಇದರ ಜೊತೆ ಇದೆ. ಐವತ್ತು ಪುಟ ಓದಿ ನೋಡಿ. ಆಮೇಲೆ ಬೈದರೆ ಬೈಸಿಕೊಳ್ಳುತ್ತೇನೆ. ಇಲ್ಲಿ ಎಲ್ಲ ಹಾಗೇ ಇದೆ.

ನಿಮ್ಮ ಸೂಜಿ

•

ಜೂನ್ 29

ಸೂಜಿಗೆ,

ನೀನು ಐವತ್ತು ಪುಟ ಓದಿ ಎಂದೆ, ನಾನು ನಲವತ್ತಕ್ಕೇ ನಿಲ್ಲಿಸಿದೆ. ಬೈಯಲು ಅಷ್ಟು ಸಾಕು.

ಅರವತ್ತೆರಡು ವರ್ಷದವಳಿಗೆ ಮಂತ್ರ ಮಾಟದ ಕಾಗಕ್ಕ ಗುಬ್ಬಕ್ಕನ ಕತೆ ಕಳಿಸಿದ್ದನ್ನು ಹೇಗಾದರೂ ನುಂಗಿಕೊಳ್ಳಬಹುದು. ಆದರೆ ಗಂಡನ ಎದುರು ಕೂತು, ಒಬ್ಬ ಮುದುಕನ ಸುಸ್ತು ಹೊತ್ತು ಹೊತ್ತು ಬೆನ್ನು ಬಾಗಿದ ಆಳುಹೆಂಗಸಿನ ಕತೆಯನ್ನು ನಾನು ಗಟ್ಟಿಯಾಗಿ ಓದಬೇಕೆ? ಹದಿನೇಳನೇ ಪುಟದಲ್ಲಿ ಅವನ ಬೆನ್ನು ಉಜ್ಜುತ್ತಾಳೆ. ನಾನು ಆಗ ತಾನೇ ಇವರ ಬೆನ್ನು ಒರೆಸಿ ಬಂದಿದ್ದೆ. ಆ ಪುಟವನ್ನು ದಡಬಡ ಓದಿ ಮಗುಚಿದೆ. ಇವರು ಗೋಡೆ ಕಡೆ ತಿರುಗಿಕೊಂಡರು.

ನನ್ನ ಗೋಳನ್ನು ನಂಬಿ ಹೇಳಿಕೊಂಡರೆ ಅದನ್ನೇ ಪುಸ್ತಕ ಮಾಡಿ ನನ್ನ ಮುಖಕ್ಕೆ ಹಿಡಿದೆಯಲ್ಲ ಮಾರಾಯ್ತಿ. ನಾನು ಯಾರ ಆಳೂ ಅಲ್ಲ. ಗಂಡನನ್ನು ನೋಡಿಕೊಳ್ಳುತ್ತಿದ್ದೇನೆ, ಅಷ್ಟೇ. ಮೈಯೆಲ್ಲ ಉರಿಯಿತು ನನಗೆ.

ಅಕ್ಕ

•

ಜುಲೈ 20

ಅಕ್ಕನಿಗೆ,

ತಪ್ಪಾಯಿತು. ಉದ್ದವಾಗಿರಲಿ ಎಂದಿದ್ದಿರಿ, ಉದ್ದವಾಗಿದೆಯೆಂದು ಕಳಿಸಿದೆ. ಅದೂ ಪೂರ್ತಿ ನಿಜವಲ್ಲ, ನಿಮ್ಮ ನೆನಪಾಗಿಯೇ ಕಳಿಸಿದೆ. ಆ ಹೆಂಗಸು ಬಾಯಿ ಮಾಡುವ ರೀತಿ ನಿಮ್ಮದೇ. ಚುಚ್ಚಬೇಕು ಎಂದಲ್ಲ.

ಪುಸ್ತಕ ವಾಪಸ್ ಕಳಿಸಿ. ಬೇರೆ ಏನಾದರೂ ನೋಡುತ್ತೇನೆ. ಈ ತಿಂಗಳು ನನಗೂ ಸ್ವಲ್ಪ ತಲೆ ಸರಿ ಇಲ್ಲ, ಅದಕ್ಕೇ ತಡವಾಯಿತು. ಹೆಚ್ಚು ಬರೆಯಲಾರೆ.

ಸೂಜಿ

•

ಆಗಸ್ಟ್ 5

ಸೂಜಿಗೆ,

ಮುನಿಸಿಕೊಂಡೆಯಾ? ಮುನಿಸಿಕೋ. ಮೂರು ವಾರ ಕಾಗದ ಬರಲಿಲ್ಲ, ಬಂದರೆ ಆರು ಸಾಲು. ನಿನಗೆ ಆ ಹಕ್ಕಿದೆ. ನನಗೆ ಈಗ ಮೂಗಿನ ತುದಿಯಲ್ಲೇ ಕೋಪ. ಮನೆಗೆ ಬರುವವರು ಯಾರೂ ಇಲ್ಲ, ಸಿಕ್ಕಿದ್ದು ನೀನು, ನಿನ್ನ ಮೇಲೆ ಸುರಿದೆ.

ಪುಸ್ತಕ ವಾಪಸ್ ಕಳಿಸುವುದಿಲ್ಲ. ಯಾಕೆ ಗೊತ್ತೆ?

ಕಟ್ಟಿ ಕಳಿಸಬೇಕೆಂದು ಹೋದ ವಾರ ಹಾಳೆಯಲ್ಲಿ ಸುತ್ತುತ್ತಿದ್ದೆ. ಇವರು ಎಡಗೈಯಲ್ಲಿ ಮಂಚದ ಪಟ್ಟಿ ಬಡಿದರು. ಏನು ಬೇಕು, ನೀರೇ? ಅಲ್ಲ. ಬೆಡ್‌ಪ್ಯಾನೇ? ಅಲ್ಲ. ಕಣ್ಣು ಪುಸ್ತಕದ ಮೇಲೆ. "ಇದಾ? ಈ ದರಿದ್ರದ್ದಾ?" ಎಂದೆ. ಮತ್ತೆ ಬಡಿದರು. ಸರಿ, ಕೂತೆ. ಬೇಜಾರಿನಲ್ಲಿ ಓದತೊಡಗಿದೆ. ಬೇಜಾರಿನಲ್ಲಿ ಓದಿದರೆ ನನ್ನ ಬಾಯಿ ಹಳೆ ಕೆಲಸಕ್ಕೆ ಬೀಳುತ್ತದೆ, ನೋಡು. ಅರ್ಧ ಪುಟ ಆದ ಮೇಲೆ ಗೊತ್ತಾಯಿತು, ನಾನು ಓದುತ್ತಿರುವುದು ಹೀಗೆ: "ಮುದುಕ ಕೂಗಿದ ಅಲ್ಪವಿರಾಮ ಉದ್ಧರಣೆ ಶುರು ನನ್ನ ಚಪ್ಪಲಿ ಎಲ್ಲಿ ಪ್ರಶ್ನಾರ್ಥಕ ಉದ್ಧರಣೆ ಮುಗೀತು ಹೊಸ ಪ್ಯಾರಾ."

ಒಂದು ಸದ್ದು ಬಂತು. ಉಸಿರು ಸಿಕ್ಕಿಕೊಂಡಿತು ಎಂದು ಎದ್ದು ಓಡಿದೆ. ಉಸಿರಲ್ಲ ಕಣೇ. ನಗು. ಅರ್ಧ ಬಾಯಲ್ಲಿ, ಗೊರಕೆ ಹೊಡೆದ ಹಾಗೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏಳು ತಿಂಗಳಾಗಿತ್ತು ಸೂಜಿ, ಆ ಮುಖದಲ್ಲಿ ನಗು ನೋಡಿ. ನಾನು ಅತ್ತುಬಿಟ್ಟೆ.

ಈಗ ಬೇಕೆಂದೇ ಎಲ್ಲ ವಿರಾಮಗಳನ್ನೂ ಹೇಳಿ ಓದುತ್ತೇನೆ. ಮೊದಲ ಸಂಪುಟ ಮುಗಿಯುತ್ತಾ ಬಂತು. ಉಳಿದದ್ದು ಕಳಿಸು. ಆ ಹೆಂಗಸಿನ ಬಾಯಿ ನನ್ನಷ್ಟು ಜೋರಿಲ್ಲ, ಸುಮ್ಮನೆ ಹೇಳಬೇಡ.

ಅಕ್ಕ

•

ಆಗಸ್ಟ್ 16

ಅಕ್ಕ, ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಎರಡು, ಮೂರು, ನಾಲ್ಕು, ಮೂರೂ ಸಂಪುಟ ಒಂದೇ ಕಟ್ಟಿನಲ್ಲಿವೆ. ಎರಡನೆಯದರಲ್ಲಿ ಮೊದಲ ನೂರು ಪುಟ ನಿಧಾನ, ತಾಳ್ಮೆ ಇರಲಿ. ಮೂರನೆಯದನ್ನು ಊಟದ ಹೊತ್ತಿಗೆ ಓದಬೇಡಿ, ಒಬ್ಬರೂ ಉಣ್ಣುವುದಿಲ್ಲ. ಭಾವನಿಗೆ ನನ್ನ ನಮಸ್ಕಾರ, ಉದ್ಗಾರ ಚಿಹ್ನೆ ಸಮೇತ.

ಸೂಜಿ

•

ಅಕ್ಟೋಬರ್ 8

ಸೂಜಿಗೆ,

ನಿನ್ನೆ ಮಧ್ಯಾಹ್ನ ನಾಲ್ಕನೆಯದು ಮುಗಿಯಿತು. ನಿನ್ನ ಮೇಡಂಗೆ ಒಂದಿಷ್ಟಾದರೂ ಕರುಣೆ ಬೇಡವೆ? ಪ್ರವಾಹ ಬಂದು ಪಟ್ಟಣದ ಒಡ್ಡು ಒಡೆಯುವ ಹೊತ್ತು. ಮುದುಕ ತನ್ನ ಕೊನೆಯ ದೊಡ್ಡ ಮಂತ್ರದಿಂದ ಒಡ್ಡಿನ ಗೋಡೆ ಹಿಡಿದು ನಿಲ್ಲಿಸಿದ್ದಾನೆ. ಆ ದಣಿವಿಗೆ ಅವನ ಪ್ರಾಣ ಹೋಗುತ್ತಿದೆ. ಅವನು ಹೋದರೆ ಗೋಡೆಯೂ ಹೋಗುತ್ತದೆ. ಇವಳು ದಣಿವು ತೆಗೆದುಕೊಂಡರೆ ಇವಳು ಮತ್ತೆ ಏಳುವುದಿಲ್ಲ. ಮೆಟ್ಟಿಲ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಾಳೆ, ಪೂರ್ಣವಿರಾಮ. ಪುಟ ಮಗುಚಿದರೆ ಖಾಲಿ!

ಇವರು ನನ್ನನ್ನೇ ದಿಟ್ಟಿಸಿ ನೋಡಿದರು, ನಾನೇ ಮುಂದಿನ ಪುಟ ಬಚ್ಚಿಟ್ಟಿದ್ದೇನೆ ಎನ್ನುವ ಹಾಗೆ. ಆಮೇಲೆ ಬಾಯಿ ತೆರೆದು, ಬಹಳ ಹೊತ್ತು ತಿಣುಕಿ, "ಮುಂ... ಮುಂ..." ಎಂದರು. ಮುಂದೆ ಎಂದು ಕೇಳುತ್ತಿದ್ದಾರೆ, ಸೂಜಿ! ಮೊದಲ ಮಾತು. ನನ್ನ ಹೆಸರಲ್ಲ, ಮಗಳ ಹೆಸರಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ನಗುತ್ತೀ.

ವ್ಯಾಯಾಮದ ಹುಡುಗಿ ಬಂದಾಗ ಹತ್ತು ಸಲ ಕೈ ಎತ್ತಿದರೆ ಹತ್ತು ಪುಟ ಎಂದು ಒಪ್ಪಂದ ಮಾಡಿಕೊಂಡಿದ್ದೆವು. ಚೆನ್ನಾಗಿ ನಡೆಯುತ್ತಿತ್ತು. ಇವತ್ತು ಪುಸ್ತಕ ಇಲ್ಲ, ಕೈಯೂ ಎತ್ತಲಿಲ್ಲ. ಐದನೆಯದು ಯಾವಾಗ? ಅಚ್ಚಾಗಿಲ್ಲದಿದ್ದರೆ ಪ್ರೂಫನ್ನಾದರೂ ಕಳಿಸು. ಡಿಸೆಂಬರಿಗೆ ಮಗಳು ಬರುವಷ್ಟರಲ್ಲಿ ಇವರು ನಾಲ್ಕು ಮಾತಾಡಿದರೆ ಅವಳು ಆರೈಕೆ ಮನೆಯ ಮಾತು ಎತ್ತುವುದಿಲ್ಲ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ನನ್ನ ವಿಷಯ ಕೇಳಬೇಡ. ಸ್ನಾನ ಮಾಡಿಸಿ ಮಂಚಕ್ಕೆ ತರುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬರುತ್ತದೆ.

ಅಕ್ಕ

•

ನವೆಂಬರ್ 1

ಅಕ್ಕನಿಗೆ,

ಐದನೆಯದರ ಪ್ರೂಫು ಈಗ ತಾನೇ ಬರುತ್ತಿದೆ. ಮೊದಲ ನಲವತ್ತೆಂಟು ಪುಟ ಇದರ ಜೊತೆ ಇದೆ. ಮೇಡಂ ಸ್ವಲ್ಪ ಸ್ವಲ್ಪವೇ ಬರೆದು ಕೊಡುತ್ತಿದ್ದಾರೆ, ಬಂದ ಹಾಗೆ ಕಳಿಸುತ್ತೇನೆ. ಯಾರಿಗೂ ಹೇಳಬೇಡಿ, ಪ್ರೆಸ್ಸಿಗೆ ಫೋನು ಗೀನು ಮಾಡಬೇಡಿ. ಮೇನೇಜರಿಗೆ ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಾರೆ.

"ಮುಂ" ಎಂದರಂತಲ್ಲ ಭಾವ! ಇಡೀ ದಿನ ನನಗೆ ಅದೇ ಗುಂಗು.

ನೀವೂ ಸ್ವಲ್ಪ ಮಲಗಿ ಅಕ್ಕ. ಹೇಳುವುದು ಸುಲಭ, ಗೊತ್ತು.

ಸೂಜಿ

•

ನವೆಂಬರ್ 19

ಸೂಜಿಗೆ,

ನಲವತ್ತೆಂಟು ಪುಟ ನಾಲ್ಕು ದಿನಕ್ಕೆ ಮುಗಿಯಿತು. ಅವಳು ಕೊನೆಗೂ ಅವನ ಅಂಗೈ ಮೇಲೆ ಕೈ ಇಟ್ಟಳು. ಗೋಡೆ ನಿಂತಿತು, ಮುದುಕ ಬದುಕಿದ, ಇವಳು ಆ ಬೆಟ್ಟದಂಥ ದಣಿವು ಹೊತ್ತು ಪಟ್ಟಣದ ಬೀದಿಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಹೊರಟಿದ್ದಾಳೆ. ಎಲ್ಲಿಗೆ ಎಂದು ಅವಳಿಗೇ ಗೊತ್ತಿಲ್ಲ. ಮುದುಕ ಹಿಂದೆ ಹಿಂದೆ ಬರುತ್ತಾನೆ, ಮೊದಲ ಸಲ ಬಾಯಿ ಮುಚ್ಚಿಕೊಂಡು.

ಇವರು ನಗುವುದನ್ನು ನಿಲ್ಲಿಸಿದ್ದಾರೆ. ಬೇಸರದಿಂದಲ್ಲ. ಬಹಳ ಗಮನವಿಟ್ಟು ಕೇಳುತ್ತಾರೆ. ನಾನು ಓದುತ್ತಿದ್ದರೆ ಪುಸ್ತಕ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. "ನೀರು", "ಸಾಕು", "ಲಿಫ್ಟು" ಎಂದು ಮೂರು ಮಾತು ಬಂದಿದೆ. ಲಿಫ್ಟಿನ ಮಾತು ಬಂದ ದಿನ ಕಾವಲುಗಾರನನ್ನು ಕರೆಸಿ ಕೇಬಲ್ಲು ತೋರಿಸಿ ಎಂದು ಹೇಳಿಸಿದೆ. ನೋಡಿದರೆ ನಿಜವಾಗಿಯೂ ಸವೆದಿತ್ತಂತೆ.

ಆ ಪ್ರೂಫಿನ ಬಗ್ಗೆ ಒಂದು ಮಾತು ಕೇಳಬೇಕಿತ್ತು. ಇರಲಿ. ಇನ್ನಷ್ಟು ಕಳಿಸು.

ಅಕ್ಕ

•

ಡಿಸೆಂಬರ್ 4

ಅಕ್ಕನಿಗೆ,

ಮೂರನೇ ಕಂತು ಇದೆ. ಎರಡನೆಯದು ತಲುಪಿತೆಂದು ತಿಳಿದುಕೊಂಡಿದ್ದೇನೆ. ಇದರ ಮುಂದೆ ಸ್ವಲ್ಪ ತಡವಾಗಬಹುದು. ಕೊನೆಯ ಅಧ್ಯಾಯದಲ್ಲಿ ಮೇಡಂಗೆ ಕೈ ಓಡುತ್ತಿಲ್ಲವಂತೆ. ಆಫೀಸಿನಲ್ಲಿ ಎಲ್ಲ ಮಾಮೂಲು. ಮೇನೇಜರಿಗೆ ಶೀತ. ಫ್ಯಾನು ಇನ್ನೂ ಕಿರುಗುಟ್ಟುತ್ತಿದೆ. ಬೇರೇನೂ ವಿಶೇಷವಿಲ್ಲ.

ಸೂಜಿ

•

ಡಿಸೆಂಬರ್ 12

ಸೂಜಿಗೆ,

ಪ್ರೆಸ್ಸಿಗೆ ಫೋನು ಮಾಡಬೇಡಿ ಎಂದು ನೀನು ಹೇಳಿದ್ದೆ. ನಾನು ಮಾಡಿದೆ.

ಮೊದಲು ಯಾಕೆ ಮಾಡಿದೆ ಕೇಳು. ಪ್ರೂಫು ಬಂದ ದಿನವೇ ಅಭ್ಯಾಸಬಲದಿಂದ ಕೆಂಪು ಪೆನ್ನು ಹಿಡಿದು ಕೂತೆ. ಹದಿನಾರು ಪುಟದ ಒಂದು ಫಾರಮ್ಮಿಗೆ ಮೊದಲ ಪ್ರೂಫಿನಲ್ಲಿ ಏನಿಲ್ಲವೆಂದರೂ ಹತ್ತು ತಪ್ಪು ಸಿಗಬೇಕು. ಸಾಲು ಹಾರಿರಬೇಕು, ಒಂದು ಪದ ಎರಡು ಸಲ ಬಿದ್ದಿರಬೇಕು. ನಲವತ್ತೆಂಟು ಪುಟದಲ್ಲಿ ಒಂದು ಕಡೆಯೂ ಪೆನ್ನು ತಾಗಲಿಲ್ಲ. ಎರಡನೇ ಕಂತೂ ಹಾಗೇ, ಮೂರನೆಯದೂ ಹಾಗೇ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಪ್ರೂಫು ನಾನು ಕಂಡಿಲ್ಲ, ನೀನೂ ಕಂಡಿಲ್ಲ. ಕಳ್ಳಿ, ಸುಳ್ಳು ಪ್ರೂಫು ಮಾಡುವವಳು ನಾಲ್ಕು ತಪ್ಪನ್ನಾದರೂ ಉಳಿಸಬಾರದಿತ್ತೆ? ಮನಸ್ಸು ಬರಲಿಲ್ಲ ಅಲ್ಲವೆ?

ಇನ್ನೊಂದು. ಆ ಮೇಡಂ ವಾಕ್ಯ ಓದಿದರೆ ನನಗೆ ದಮ್ಮು ಕಟ್ಟುತ್ತದೆ. ಉಸಿರು ಬೇಕಾದ ಕಡೆ ಅವರು ನಿಲ್ಲಿಸುವುದಿಲ್ಲ. ಐದನೇ ಸಂಪುಟ ಓದುವಾಗ ಒಂದು ಸಲವೂ ದಮ್ಮು ಕಟ್ಟಲಿಲ್ಲ. ನನಗೆ ಉಸಿರು ಬೇಕಾದಲ್ಲೆಲ್ಲ ವಾಕ್ಯ ತಾನಾಗಿ ನಿಲ್ಲುತ್ತಿತ್ತು. ನನ್ನ ಉಸಿರು ಎಲ್ಲಿ ಮುಗಿಯುತ್ತದೆ ಎಂದು ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತು.

ಅದಕ್ಕೇ ಫೋನು ಮಾಡಿದೆ. ಮೇನೇಜರಿಗೆ ಶೀತವಿಲ್ಲ. "ಪ್ರೂಫ್ ಸೆಕ್ಷನ್ನೇ ಜುಲೈನಲ್ಲಿ ಮುಚ್ಚಿದ್ವಲ್ಲಮ್ಮ, ಈಗೆಲ್ಲ ಕಂಪ್ಯೂಟರೇ ನೋಡ್ಕೊಳ್ಳುತ್ತೆ. ಅವರು ನಿಮಗೆ ಹೇಳಿಲ್ವಾ?" ಎಂದರು. ಐದನೇ ಸಂಪುಟವೇ? ಅದು ಬರುವುದಿಲ್ಲವಂತೆ. ನಾಲ್ಕನೆಯದರ ಕಟ್ಟುಗಳು ಗೋದಾಮಿನಲ್ಲಿ ಧೂಳು ತಿನ್ನುತ್ತಿವೆಯಂತೆ.

ಜುಲೈ ಇಪ್ಪತ್ತಕ್ಕೆ ನೀನು ಆರು ಸಾಲು ಬರೆದೆ. ಕೆಲಸ ಕಳೆದುಕೊಂಡು ಕೂತಿದ್ದೆ. ನಾನು ಮುನಿಸು ಅಂದುಕೊಂಡು ಛೇಡಿಸಿದೆ. ಐದು ತಿಂಗಳು ನನ್ನ ಗೋಳನ್ನೇ ಹಾಡಿದೆ, ಒಂದು ಸಲವಾದರೂ "ನೀನು ಹೇಗಿದ್ದೀ" ಎಂದು ಕೇಳಿದೆನೆ? ಕಾಗದಗಳನ್ನು ನೀನು ಇಟ್ಟುಕೊಂಡಿದ್ದರೆ ತೆಗೆದು ನೋಡು, ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಹೇಗಿದ್ದೀಯೇ?

ಅಕ್ಕ

•

ಡಿಸೆಂಬರ್ 18

ಅಕ್ಕ,

ಸಿಕ್ಕಿಬಿದ್ದೆ. ನಿಮ್ಮ ಕಾಗದ ಓದಿ ನಗು ಬಂತು, ಆಮೇಲೆ ಅಳು. ಉಳಿಸಿದ್ದೆ ಅಕ್ಕ, ಬೇಕೆಂದೇ ಮೂರು ತಪ್ಪು ಉಳಿಸಿದ್ದೆ. ಅಂಚೆಗೆ ಹಾಕಲು ಹೋಗಿ, ದಾರಿಯಲ್ಲಿ ಲಕೋಟೆ ಒಡೆದು, ಆ ಪುಟಗಳನ್ನು ತಿದ್ದಿ ಮತ್ತೆ ಟೈಪು ಮಾಡಿಸಿ ಹಾಕಿದೆ.

ಹೇಗಿದ್ದೇನೆ ಎಂದರೆ, ಬೆಳಿಗ್ಗೆ ಒಂಬತ್ತಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುತ್ತೇನೆ. ಅಕ್ಕಪಕ್ಕದವರಿಗೆ ಇನ್ನೂ ಹೇಳಿಲ್ಲ. ಸಾರ್ವಜನಿಕ ವಾಚನಾಲಯದಲ್ಲಿ ಕೂತು, ಒಂದು ಗಂಟೆಗೆ ಹೊರಗಿನ ಬೆಂಚಿನ ಮೇಲೆ ಉಂಡು, ಐದಕ್ಕೆ ಮನೆಗೆ ಬರುತ್ತೇನೆ. ಕಂಪ್ಯೂಟರು ನನಗಿಂತ ಬೇಗ ತಿದ್ದುತ್ತದಂತೆ. ತಿದ್ದಲಿ ಬಿಡಿ. ನಿಮಗೆ ಹೇಳದಿದ್ದದ್ದು, ನಿಮ್ಮ ತಲೆ ಮೇಲೆ ಇನ್ನೊಂದು ಹೊರೆ ಯಾಕೆ ಎಂದು.

"ಮುಂ" ಎನ್ನುವ ಕಾಗದ ಬಂದ ಮೇಲೆ ಮೇಡಂ ಮನೆ ಹುಡುಕಿಕೊಂಡು ಹೋದೆ. ಗಿಡಕ್ಕೆ ನೀರು ಹಾಕುತ್ತಿದ್ದರು. "ನನಗೇ ಸಾಕಾಗಿದೆ ಕಣಮ್ಮ. ಓದೋರೇ ಇಲ್ಲ, ಯಾರಿಗೆ ಬರೀಲಿ?" ಎಂದರು. ಇಬ್ಬರಿದ್ದಾರೆ ಮೇಡಂ, ಎಂದೆ. "ಇಬ್ಬರಿಗೆ ತಾನೆ? ನೀನೇ ಬರ್ಕೋ. ನಾನೇನೂ ಕೇಸು ಹಾಕಲ್ಲ" ಎಂದು ಪೈಪು ಸುತ್ತಿಟ್ಟು ಒಳಗೆ ಹೋದರು. ವಾಚನಾಲಯದಲ್ಲಿ ಬರೆದು, ಪಕ್ಕದ ಅಂಗಡಿಯಲ್ಲಿ ಟೈಪು ಮಾಡಿಸಿ, ಪ್ರೂಫಿನ ಹಾಗೆ ಅಂಚು ಬಿಡಿಸಿ ಕಳಿಸಿದೆ. ಬರೆಯುವಾಗ ನಿಮ್ಮ ದನಿ ಕಿವಿಯಲ್ಲಿ ಇಲ್ಲದಿದ್ದರೆ ಒಂದು ಸಾಲೂ ಬರುತ್ತಿರಲಿಲ್ಲ.

ಆದರೆ ಈಗ ಹನ್ನೊಂದು ದಿನದಿಂದ ನಿಂತಿದೆ. ಅವಳನ್ನು ಪಟ್ಟಣದ ಬಾಗಿಲವರೆಗೆ ನಡೆಸಿದೆ. ಇಡೀ ಪಟ್ಟಣದ ದಣಿವು ಅವಳ ಮೇಲಿದೆ. ಅವಳ ದಣಿವನ್ನು ಯಾರು ತೆಗೆದುಕೊಳ್ಳುತ್ತಾರೆ? ತೆಗೆದುಕೊಂಡವನು ಸಾಯುತ್ತಾನೆ. ಯಾರೂ ತೆಗೆದುಕೊಳ್ಳದಿದ್ದರೆ ಅವಳು ಸಾಯುತ್ತಾಳೆ. ಅವಳನ್ನು ಕೊಲ್ಲಲು ನನ್ನಿಂದ ಆಗುವುದಿಲ್ಲ. ಸುಳ್ಳು ಸುಖಾಂತ ಬರೆದರೆ ನೀವು ಮೊದಲ ಸಾಲಿಗೇ ಹಿಡಿಯುತ್ತೀರಿ. ಮಗಳು ಬರುವ ಹೊತ್ತಾಯಿತು, ನನ್ನ ಕೈಯಲ್ಲಿ ಕೊನೆ ಇಲ್ಲ. ನನ್ನಿಂದಾಗಿ ಭಾವ ಮತ್ತೆ ಗೋಡೆ ಕಡೆ ತಿರುಗಿಕೊಂಡರೆ ಏನು ಮಾಡಲಿ? ನೀವೇ ಹೇಳಿ.

ಸೂಜಿ

•

ಡಿಸೆಂಬರ್ 29

ಸೂಜಿಗೆ,

ಇದನ್ನು ನಿಧಾನವಾಗಿ ಓದು. ನಾನೂ ನಿಧಾನವಾಗಿ ಬರೆಯುತ್ತಿದ್ದೇನೆ.

ಇಪ್ಪತ್ತೈದಕ್ಕೆ ಮಗಳು ಬಂದಳು. ಅಪ್ಪ "ಬಾ" ಎಂದಿದ್ದು ಕೇಳಿ ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಅತ್ತಳು. ನಾನು ಗೆದ್ದೆ ಎಂದುಕೊಂಡೆ. ಆರೈಕೆ ಮನೆಯ ಅರ್ಜಿ ಅವಳ ಬ್ಯಾಗಿನಲ್ಲಿತ್ತು. ತೆಗೆಯಲಿಲ್ಲ.

ಮಾರನೇ ಬೆಳಿಗ್ಗೆ ಇವರಿಗೆ ಸ್ನಾನ ಮಾಡಿಸಿ ತರುವಾಗ ನನ್ನ ಕಾಲು ಜಾರಿತು. ಬಿದ್ದೆವು, ಇಬ್ಬರೂ. ಪೆಟ್ಟೇನೂ ಆಗಲಿಲ್ಲ. ಆದರೆ ನನಗೆ ಏಳಲು ಆಗಲಿಲ್ಲ. ಹಸಿ ನೆಲದ ಮೇಲೆ ಹಾಗೇ ಕೂತೆ. ಮಗಳು ಬಂದು ಅವರನ್ನು ಎತ್ತಿ ಕೂರಿಸಿ, "ಎಷ್ಟು ಸಲ ಬಿದ್ದಿದ್ದೀರಮ್ಮ ಹೀಗೆ?" ಎಂದಳು. ಇದೇ ಮೊದಲು ಎಂದೆ. "ನಾ... ಕು" ಎಂದರು ಇವರು. ನಾಲ್ಕು. ಹೌದು, ನಾಲ್ಕನೇ ಸಲ. ನಿನಗೂ ಬರೆದಿರಲಿಲ್ಲ.

ಮಧ್ಯಾಹ್ನ ಮಾತು ತಪ್ಪಿಸಲು ನಾನು ಓದಲು ಕೂತೆ. ನಿನ್ನ ಮೂರನೇ ಕಂತಿನ ಕೊನೆಯ ಪುಟ ಮತ್ತೆ ಓದಿದೆ. ಪಟ್ಟಣದ ಬಾಗಿಲಲ್ಲಿ ಅವಳು, ಹಿಂದೆ ಮುದುಕ. "ಮುಂದೆ ಬರೆದಿಲ್ಲ ಕಣ್ರೀ" ಎಂದೆ. "ಬರೆಯುವವಳಿಗೆ ತೋಚುತ್ತಿಲ್ಲ. ನೀವೇ ಹೇಳಿ, ಈಗ ಅವಳನ್ನೇನು ಮಾಡೋದು?"

ಬಹಳ ಹೊತ್ತು ತೆಗೆದುಕೊಂಡರು. ಕುತ್ತಿಗೆಯ ನರ ಉಬ್ಬಿತು. ಬೇಡ ಬಿಡಿ ಎಂದರೂ ಕೇಳಲಿಲ್ಲ.

"ಮಲ... ಗ್ಲಿ."

ಮಲಗಲಿ. ನಾನು ನಕ್ಕೆ. ಮಲಗಿದರೆ ದಣಿವು ಎಲ್ಲಿ ಹೋಗುತ್ತೆ, ಮುದುಕನ ಗತಿ ಏನು ಎಂದೆ. ಇವರು ತಲೆ ಅಲ್ಲಾಡಿಸಿದರು. ಎಡಗೈ ಎತ್ತಿ ಮಗಳ ಬ್ಯಾಗು ತೋರಿಸಿದರು. ಮಗಳಿಗೆ ಅರ್ಥವಾಯಿತು, ನನಗೆ ಆಗಲಿಲ್ಲ. ಅವಳು ಅಳುತ್ತಾ ಅರ್ಜಿ ತೆಗೆದು ಕೊಟ್ಟಳು. ಒಂದೇ ಕೋಣೆಯಲ್ಲವೆ, ನಮ್ಮ ಆ ಫೋನಿನ ಮಾತು ಇವರ ಕಿವಿಗೂ ಬಿದ್ದಿತ್ತು ಎಂದು ಆಗ ಹೊಳೆಯಿತು. ಇವರು ಅದನ್ನು ಎದೆ ಮೇಲಿಟ್ಟುಕೊಂಡು, ನನ್ನ ಕಡೆ ನೋಡಿ ಮತ್ತೆ ಹೇಳಿದರು, "ನೀ... ಮಲ್ಗು."

ನಾನು ಕೂಗಾಡಿದೆ, ಸೂಜಿ. "ಐದು ತಿಂಗಳು ಗಂಟಲು ಹರ್ಕೊಂಡು ಓದಿದ್ದು ಇದಕ್ಕಾ? ನಿಮ್ಮನ್ನ ಇಲ್ಲೇ ಇಟ್ಕೋಬೇಕು ಅಂತ ತಾನೇ ಓದಿದ್ದು?" ಎಂದೆ. ಅರ್ಜಿ ಕಿತ್ತುಕೊಳ್ಳಲು ಹೋದೆ. ಆ ಒಂದು ಕೈಯಲ್ಲಿ ಎಷ್ಟು ಬಲ ಬಂದಿದೆ ಗೊತ್ತೆ? ಬಿಡಲಿಲ್ಲ. ನಾನು ಇವರಿಗೆ ಮಂತ್ರವಾದಿಯ ಕತೆ ಓದುತ್ತಿದ್ದೇನೆ ಎಂದುಕೊಂಡಿದ್ದೆ. ಇವರು ಮೊದಲಿನಿಂದಲೂ ಕೇಳುತ್ತಿದ್ದದ್ದು ಅವಳ ಕತೆಯನ್ನು. ನಾನು ಒಂದು ದಿನವೂ ಬಾಯಿಬಿಟ್ಟು ಹೇಳದ್ದನ್ನೆಲ್ಲ ಪುಟ ಪುಟವಾಗಿ ನಾನೇ ಓದಿ ಹೇಳಿದ್ದೆ.

ಅತ್ತು ಅತ್ತು ಅವರ ಕಾಲ ಬಳಿ ಹಾಗೇ ಒರಗಿದೆ. ಒರಗಿದ್ದಷ್ಟೇ ನೆನಪು. ಎದ್ದಾಗ ಮಾರನೇ ಬೆಳಗಾಗಿತ್ತು. ಹದಿನಾರು ಗಂಟೆ ಮಲಗಿದ್ದೆನಂತೆ. ಮಗಳು ಹೇಳಿದಳು, ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದಾಗಲೆಲ್ಲ ಅಪ್ಪ ತುಟಿ ಮೇಲೆ ಬೆರಳಿಟ್ಟು "ಶ್ಶ್" ಎಂದು ಗದರಿದರಂತೆ.

ಜನವರಿ ಮೂರಕ್ಕೆ ಸೇರಿಸುತ್ತೇವೆ. ಬಸ್ಸಿನಲ್ಲಿ ಅರ್ಧ ಗಂಟೆ. ಕೋಣೆ ನೋಡಿ ಬಂದೆ. ಗಾಳಿ ಬೆಳಕು ಇದೆ, ನರ್ಸಮ್ಮ ಗಟ್ಟಿಗಿತ್ತಿ. ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಹೋಗಿ ಓದುತ್ತೇನೆ. ನನಗೆ ಸಂಕಟವಾಗುತ್ತಿದೆ, ಆದರೆ ಎರಡು ರಾತ್ರಿಯಿಂದ ನಿದ್ದೆಯೂ ಬರುತ್ತಿದೆ. ಎರಡನ್ನೂ ಬರೆಯುತ್ತಿದ್ದೇನೆ, ಯಾವುದನ್ನೂ ಮುಚ್ಚಿಡುವುದಿಲ್ಲ.

ನಿನ್ನ ಕೊನೆಯ ಅಧ್ಯಾಯಕ್ಕೆ ಇವರು ಹೇಳಿದ್ದು ಅಷ್ಟೇ. ದಣಿವು ಇನ್ನು ಯಾರಿಗೂ ದಾಟುವುದು ಬೇಡ, ನಿದ್ದೆಯಲ್ಲೇ ಇಳಿಯಲಿ; ಮುದುಕ ಅವಳನ್ನು ಮಲಗಿಸಿ, ಅವಳ ಮೇಲೆ ಮತ್ತೆ ಹೊರೆ ಬೀಳದ ಹಾಗೆ ತಾನು ಬಾಗಿಲಾಚೆ ಹೋಗಲಿ. ಹೋಗುವಾಗ ಅವನಿಗೆ ಭಯವಾಗಲಿ, ಭಯವಿಲ್ಲ ಎಂದು ಮಾತ್ರ ಬರೆಯಬೇಡ. ನಿನ್ನೆ ರಾತ್ರಿ ಇವರು ದೀಪ ಆರಿಸಲು ಬಿಡಲಿಲ್ಲ, ನಾನು ಕೈ ಹಿಡಿದುಕೊಂಡಿದ್ದೆ.

ಅಕ್ಕ